ಕುಂಚಕ್ಕೂ ತಿಂಗಳ ಬಾಡಿಗೆ

ಸುಗ್ಗಿ ಮುಗಿದು ಬೇಸಿಗೆ ಕಾಲಿಟ್ಟಿತೆಂದರೆ ತುಮಕೂರು ಸೀಮೆಯ ಹಳ್ಳಿಗಳಲ್ಲಿ ಪೌರಾಣಿಕ ನಾಟಕಗಳ ಸಡಗರ. ತಿಂಗಳುಗಟ್ಟಲೆ ಹಾರ್ಮೋನಿಯಂ ಮೇಷ್ಟ್ರ ಮುಂದೆ ಕುಳಿತು ಪದ್ಯ, ಮಾತು ಕಲಿತ ಊರ ಜನ ಒಂದು ರಾತ್ರಿ 'ಕುರುಕ್ಷೇತ್ರ' ಆಡುತ್ತಾರೆ. ಆ ಒಂದು ರಾತ್ರಿಗೆಂದು ಅರಮನೆಯ ಪರದೆಯನ್ನೋ ದುರ್ಯೋಧನನ ಕಿರೀಟವನ್ನೋ ಯಾರೂ ಕೊಳ್ಳುವುದಿಲ್ಲ. ಡ್ರಾಮಾ ಸೀನರಿಯವರಿಂದ ಬಾಡಿಗೆಗೆ ತರಿಸುತ್ತಾರೆ. ಬೆಳಗಾದೊಡನೆ ಪರದೆ, ಗದೆ, ಸಿಂಹಾಸನ ಎಲ್ಲವೂ ಲಾರಿ ಏರಿ ಮುಂದಿನ ಊರಿಗೆ ಹೊರಡುತ್ತವೆ.

ಇದೇ ಜಿಲ್ಲೆಯ ಗುಬ್ಬಿಯಲ್ಲಿ 1884ರಲ್ಲಿ ಹುಟ್ಟಿದ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿಯ ಲೆಕ್ಕ ಬೇರೆ. ಗುಬ್ಬಿ ವೀರಣ್ಣನವರ (1891–1972) ಕಾಲದಲ್ಲಿ ನಾಡಿನ ತುಂಬ ಹೆಸರಾದ ಆ ಕಂಪನಿ ಊರೂರು ತಿರುಗಿ, ಬಿಡಾರ ಹೂಡಿ, ದಿನಗಟ್ಟಲೆ ನಾಟಕ ಆಡುತ್ತಿತ್ತು. ಅದರ ರಂಗಸಜ್ಜಿಕೆ, ವೇಷಭೂಷಣಗಳೇ ಅದರ ಆಸ್ತಿ.

ಹಳ್ಳಿಯ ತಂಡದ ಲೆಕ್ಕವೂ ಸರಿ, ಕಂಪನಿಯ ಲೆಕ್ಕವೂ ಸರಿ. ವರ್ಷಕ್ಕೊಮ್ಮೆ ಬೇಕಾದುದನ್ನು ಬಾಡಿಗೆಗೆ ತರುವುದು, ದಿನವೂ ಬೇಕಾದುದನ್ನು ಕೊಳ್ಳುವುದು ಸಂಸಾರಸ್ಥರೆಲ್ಲರಿಗೂ ಗೊತ್ತಿರುವ ನೀತಿ. ಆದರೆ ಚಿತ್ರ ಬಿಡಿಸುವ, ಪುಟ ಕಟ್ಟುವ, ವಿಡಿಯೊ ಸಂಕಲಿಸುವ ಕಂಪ್ಯೂಟರ್ ತಂತ್ರಾಂಶಗಳ ಲೋಕದಲ್ಲಿ ಈ ನೀತಿ ತಲೆಕೆಳಗಾಗಿ ಹತ್ತು ವರ್ಷಗಳ ಮೇಲಾಯಿತು. ಅಲ್ಲಿನ ಹೆಸರಾಂತ ತಂತ್ರಾಂಶಗಳಲ್ಲಿ ಹಲವಕ್ಕೆ ದಿನವೂ ದುಡಿಯುವವರು ಕೂಡ ಬಾಡಿಗೆಯನ್ನೇ ಕಟ್ಟಬೇಕು. ಮಗನನ್ನೋ ಮಗಳನ್ನೋ ಗ್ರಾಫಿಕ್ ಡಿಸೈನ್, ಅನಿಮೇಷನ್ ಅಥವಾ ದೃಶ್ಯಕಲೆಯ ಓದಿಗೆ ಸೇರಿಸುವ ಪಾಲಕರು ಕಾಲೇಜಿನ ಶುಲ್ಕ, ಹಾಸ್ಟೆಲು, ಕಂಪ್ಯೂಟರಿನ ಬೆಲೆ ಎಲ್ಲವನ್ನೂ ಮೊದಲೇ ಕೂಡಿಸಿ ನೋಡಿರುತ್ತಾರೆ. ತಂತ್ರಾಂಶದ ತಿಂಗಳ ಬಾಡಿಗೆ ಮಾತ್ರ ಸೇರಿದ ಮೇಲೆ ತಿಳಿಯುವ ಖರ್ಚು.

ಒಂದೇ ಸಲ ಕೊಳ್ಳುತ್ತಿದ್ದ ಕಾಲ

ಪುಟವಿನ್ಯಾಸದ ಪೇಜ್‌ಮೇಕರ್ 1985ರಲ್ಲಿ ಬಂತು. ಕೋರೆಲ್‌ಡ್ರಾ 1989ರಲ್ಲಿ, ಫೋಟೋಶಾಪ್ 1990ರಲ್ಲಿ ಬಂದವು. ಪೇಜ್‌ಮೇಕರ್ ತಯಾರಿಸುತ್ತಿದ್ದ ಆಲ್ಡಸ್ ಕಂಪನಿಯನ್ನು 1994ರಲ್ಲಿ ಅಡೋಬಿ ಕೊಂಡುಕೊಂಡಿತು. ಮೊಳೆ ಜೋಡಿಸುವ ಮುದ್ರಣಾಲಯಗಳ ಪಕ್ಕದಲ್ಲಿ ಡಿಟಿಪಿ ಅಂಗಡಿಗಳು ಬಾಗಿಲು ತೆರೆದದ್ದು ಈ ತಂತ್ರಾಂಶಗಳ ಬಲದಿಂದ. ಮದುವೆಯ ಲಗ್ನಪತ್ರಿಕೆ, ಗೃಹಪ್ರವೇಶದ ಆಹ್ವಾನ, ಸಹಕಾರ ಸಂಘದ ವಾರ್ಷಿಕ ವರದಿ, ನಾಟಕದ ಕರಪತ್ರ ಎಲ್ಲವೂ ಅಲ್ಲಿ ತಯಾರಾದವು. ಕನ್ನಡದ ಅಕ್ಷರಗಳಿಗೆ ಪುಣೆಯ ಮಾಡ್ಯುಲರ್ ಇನ್ಫೋಟೆಕ್‌ನ ಶ್ರೀಲಿಪಿ ಇತ್ತು. ಅದನ್ನು ಕೊಂಡವರಿಗೆ ಡಾಂಗಲ್ ಎಂಬ ಪುಟ್ಟ ಬೀಗವೂ ಬರುತ್ತಿತ್ತು; ಅದನ್ನು ಕಂಪ್ಯೂಟರಿಗೆ ಸಿಕ್ಕಿಸದೆ ಕೆಲಸ ನಡೆಯುತ್ತಿರಲಿಲ್ಲ. ಮುಂದೆ ಶೇಷಾದ್ರಿವಾಸು ಅವರ 'ಬರಹ' 1998ರಲ್ಲಿ ಬಂದು ಹಲವು ವರ್ಷ ಉಚಿತವಾಗಿಯೇ ದೊರೆಯಿತು. ಕನ್ನಡ ಗಣಕ ಪರಿಷತ್ತಿನ 'ನುಡಿ'ಯೂ ಉಚಿತವಾಗಿ ಜನರ ಕೈ ಸೇರಿತು.

ಕೊಂಡವರ ಮಟ್ಟಿಗೆ ಅದು ಒಂದೇ ಸಲದ ಖರ್ಚು. ಒಮ್ಮೆ ಹಣ ಕೊಟ್ಟರೆ ಕಂಪ್ಯೂಟರ್ ಬದುಕಿರುವ ತನಕ ತಂತ್ರಾಂಶ ದುಡಿಯುತ್ತಿತ್ತು. ಹೊಸ ಆವೃತ್ತಿ ಬೇಕೋ ಬೇಡವೋ ಎಂಬುದು ಅಂಗಡಿಯವರ ಇಷ್ಟ. ಪೇಜ್‌ಮೇಕರ್‌ನ ಕೊನೆಯ ಆವೃತ್ತಿಯಾದ 7.0 ಬಂದದ್ದು 2001ರಲ್ಲಿ. ಅಷ್ಟು ಹಳೆಯ ತಂತ್ರಾಂಶವನ್ನು ಇಂದಿಗೂ ಬಿಡದ ಅಂಗಡಿಗಳು ಕರ್ನಾಟಕದ ಸಣ್ಣ ಊರುಗಳಲ್ಲಿವೆ. ಹಳೆಯ ಕನ್ನಡ ಫಾಂಟುಗಳು ಅದರಲ್ಲಿ ಸರಿಯಾಗಿ ಮೂಡುತ್ತವೆ, ಕೈಗೆ ಅದೇ ಅಭ್ಯಾಸವಾಗಿದೆ, ಮೇಲಾಗಿ ತಿಂಗಳಿಗೆ ಕೊಡಬೇಕಾದ್ದು ಏನೂ ಇಲ್ಲ.

ಎಲ್ಲರೂ ಹಣ ಕೊಟ್ಟೇ ಕೊಂಡಿದ್ದರು ಎಂದಲ್ಲ. ಸ್ನೇಹಿತರ ಸಿ.ಡಿ.ಯಿಂದ ನಕಲು ಮಾಡಿಕೊಂಡವರೂ ಬಹಳ. ಪೂರ್ತಿ ಬೆಲೆ ಸಣ್ಣ ಅಂಗಡಿಯ ಕೈಗೆ ಎಟುಕುತ್ತಿರಲಿಲ್ಲ ಎಂಬುದು ಅದಕ್ಕೊಂದು ಕಾರಣ. ಬಾಡಿಗೆ ಪದ್ಧತಿ ಬಂದಾಗ ಕಂಪನಿಗಳು ಮುಂದಿಟ್ಟ ಸಮರ್ಥನೆಗಳಲ್ಲಿ ಇದೂ ಸೇರಿತ್ತು: ದೊಡ್ಡ ಮೊತ್ತ ಒಮ್ಮೆಗೇ ಬೇಡ, ಸಣ್ಣ ಕಂತು ಸಾಕು.

ಮಾರಾಟ ನಿಂತ ಬಗೆ

ಅಡೋಬಿ ಕಂಪನಿ ಕ್ರಿಯೇಟಿವ್ ಕ್ಲೌಡ್ ಎಂಬ ಚಂದಾ ಪದ್ಧತಿಯನ್ನು 2012ರಲ್ಲಿ ತಂದಿತು. ಮರುವರ್ಷ ಮೇ ತಿಂಗಳಲ್ಲಿ, ಇನ್ನು ಮುಂದಿನ ಆವೃತ್ತಿಗಳು ಚಂದಾದಾರರಿಗೆ ಮಾತ್ರ ಎಂದು ಸಾರಿತು. ಒಂದೇ ಸಲ ಹಣ ಕೊಟ್ಟು ಕೊಳ್ಳಬಹುದಾಗಿದ್ದ ಕೊನೆಯ ಆವೃತ್ತಿ 2012ರ ಸಿಎಸ್6. 2017ರ ವೇಳೆಗೆ ಅದರ ಮಾರಾಟವೂ ನಿಂತಿತು.

ಕನ್ನಡಿಗರಿಗೆ ಇದರಲ್ಲೊಂದು ವಿಪರ್ಯಾಸವೂ ಇದೆ. ಪೇಜ್‌ಮೇಕರ್ ಬದಲಿಗೆ ಬಂದ ಇನ್‌ಡಿಸೈನ್‌ನಲ್ಲಿ ಯೂನಿಕೋಡ್ ಕನ್ನಡ ಬಹುಕಾಲ ಸರಿಯಾಗಿ ಮೂಡುತ್ತಿರಲಿಲ್ಲ. ಒತ್ತಕ್ಷರಗಳು ಒಡೆದು ಚೆಲ್ಲಾಪಿಲ್ಲಿಯಾಗುತ್ತಿದ್ದವು. ಕನ್ನಡವೂ ಸೇರಿದಂತೆ ಭಾರತೀಯ ಭಾಷೆಗಳಿಗೆ ಅಧಿಕೃತ ಬೆಂಬಲ ದೊರೆತದ್ದು ಅದೇ ಸಿಎಸ್6ರಲ್ಲಿ. ಕನ್ನಡ ಸರಿಯಾಗಿ ಮೂಡಿದ ಮೊದಲ ಆವೃತ್ತಿಯೇ ಸ್ವಂತಕ್ಕೆ ಸಿಗುವ ಕೊನೆಯ ಆವೃತ್ತಿಯಾಯಿತು.

ಚಂದಾ ಎಂಬ ಮಾತು ಪತ್ರಿಕೆ ಓದುವ ಮನೆಗಳಿಗೆ ಹೊಸದಲ್ಲ. ಆದರೆ ಪತ್ರಿಕೆಯ ಚಂದಾ ಮುಗಿದರೂ ಹಳೆಯ ಸಂಚಿಕೆಗಳು ಮನೆಯ ಕಪಾಟಿನಲ್ಲಿರುತ್ತವೆ, ಬೇಕಾದಾಗ ತೆಗೆದು ಓದಬಹುದು. ತಂತ್ರಾಂಶದ ಚಂದಾ ಮುಗಿದರೆ ಕಪಾಟಿಗೇ ಬೀಗ ಬೀಳುತ್ತದೆ.

ನಾಲ್ಕು ವರ್ಷದ ಲೆಕ್ಕ

ಬಾಡಿಗೆ ದುಬಾರಿಯೇ? 2012ರ ಅಮೆರಿಕದ ಬೆಲೆಗಳನ್ನೇ ನೋಡಬಹುದು. ಸಿಎಸ್6ರ ಎಲ್ಲ ತಂತ್ರಾಂಶಗಳೂ ಸೇರಿದ ಮಾಸ್ಟರ್ ಕಲೆಕ್ಷನ್‌ಗೆ 2,599 ಡಾಲರ್. ಅದೇ ಕಾಲದ ಚಂದಾ, ವರ್ಷದ ಒಪ್ಪಂದದ ಮೇಲೆ, ತಿಂಗಳಿಗೆ 49.99 ಡಾಲರ್. ಭಾಗಿಸಿ ನೋಡಿದರೆ 52 ತಿಂಗಳು, ಅಂದರೆ 4 ವರ್ಷ 4 ತಿಂಗಳಿಗೆ ಎರಡೂ ಸಮವಾಗುತ್ತವೆ. ದೃಶ್ಯಕಲೆಯ ಪದವಿ 4 ವರ್ಷದ್ದು. 48 ತಿಂಗಳ ಬಾಡಿಗೆ ಸುಮಾರು 2,400 ಡಾಲರ್. ಓದುವ ಅವಧಿಯನ್ನಷ್ಟೇ ಹಿಡಿದರೆ ಬಾಡಿಗೆಯೇ ಅಗ್ಗ. ಜೊತೆಗೆ ವಿದ್ಯಾರ್ಥಿಗಳಿಗೆ ರಿಯಾಯಿತಿ ಇರುವುದರಿಂದ ಹೊರೆ ಇನ್ನೂ ಹಗುರ. ನಡುವೆ ಬರುವ ಹೊಸ ಸೌಲಭ್ಯಗಳೂ ಅದೇ ಹಣದಲ್ಲಿ ಸಿಗುತ್ತವೆ.

ಕಷ್ಟ ಶುರುವಾಗುವುದು ಓದು ಮುಗಿದ ದಿನ. ಅಂದಿಗೆ ಕಾಲೇಜಿನ ಪ್ರಯೋಗಾಲಯದ ಬಾಗಿಲು ಮುಚ್ಚುತ್ತದೆ, ವಿದ್ಯಾರ್ಥಿ ರಿಯಾಯಿತಿಯೂ ಹೋಗುತ್ತದೆ. ಕೆಲಸ ಇನ್ನೂ ಸಿಕ್ಕಿರುವುದಿಲ್ಲ. ಕೈಯಲ್ಲಿ ಸಂಪಾದನೆ ಇಲ್ಲದ ಆ ಕೆಲವು ತಿಂಗಳುಗಳಲ್ಲಿ ಪೂರ್ತಿ ದರದ ಬಾಡಿಗೆ ಕಟ್ಟಬೇಕು. ಇಲ್ಲವಾದರೆ ನಾಲ್ಕು ವರ್ಷ ಕಲಿತ ಸಲಕರಣೆ ಇಲ್ಲದೆ ಕೂರಬೇಕು. ಸಿಎಸ್6 ಕೊಂಡಿದ್ದ ವಿದ್ಯಾರ್ಥಿಗೆ ಈ ಭಯವಿರಲಿಲ್ಲ. ಹಳೆಯದಾದರೂ ಸಲಕರಣೆ ಮನೆಯಲ್ಲೇ ಇರುತ್ತಿತ್ತು. ಪಾಲಕರು ಲೆಕ್ಕ ಹಾಕುವಾಗ ನಾಲ್ಕು ವರ್ಷವನ್ನಲ್ಲದೆ ಐದನೆಯ ವರ್ಷವನ್ನೂ ಸೇರಿಸಿಕೊಳ್ಳಬೇಕಾದ್ದು ಈ ಕಾರಣಕ್ಕೆ.

ಕಡತ ಯಾರದು?

ಹಣದ ಲೆಕ್ಕಕ್ಕಿಂತ ದೊಡ್ಡದು ಮಾಡಿದ ಕೆಲಸದ ಲೆಕ್ಕ. 2014ರ ನವೆಂಬರ್ 1ರಂದು ಇಂಗ್ಲಿಷಿನಲ್ಲಿ 'ಟುಮ್ಕೂರ್' ಎಂದಿದ್ದ ಊರ ಹೆಸರು ಕನ್ನಡದ ಉಚ್ಚಾರಕ್ಕೆ ತಕ್ಕಂತೆ 'ತುಮಕೂರು' ಆಯಿತು. ಅಂಗಡಿಯ ಬಿಲ್ ಪುಸ್ತಕ, ಶಾಲೆಯ ಪ್ರಮಾಣಪತ್ರ, ಸಂಘದ ಪತ್ರದ ತಲೆಬರಹ, ವಿಸಿಟಿಂಗ್ ಕಾರ್ಡುಗಳಲ್ಲಿ ಒಂದೆರಡು ಅಕ್ಷರ ಬದಲಾಗಬೇಕಾಯಿತು. ಕೆಲಸ ಐದು ನಿಮಿಷದ್ದು; ಆದರೆ ಅದನ್ನು ಮಾಡಲು ಮೂಲ ಕಡತ ತೆರೆಯಬೇಕು, ತೆರೆಯಲು ಅದೇ ತಂತ್ರಾಂಶ ಬೇಕು. ತಂತ್ರಾಂಶ ಇಲ್ಲದಿದ್ದರೆ ಮೊದಲಿಂದ ಕಟ್ಟಬೇಕು.

ಚಂದಾ ನಿಲ್ಲಿಸಿದವರ ಕಂಪ್ಯೂಟರಿನಿಂದ ಕಡತ ಅಳಿಸಿಹೋಗುವುದಿಲ್ಲ. ಆದರೆ ಇನ್‌ಡಿಸೈನ್‌ನ ಮೂಲ ಕಡತವನ್ನು ಬೇರೆ ತಂತ್ರಾಂಶಗಳು ಸುಲಭಕ್ಕೆ ತೆರೆಯವು. ಕಂಪನಿಯ ಕ್ಲೌಡ್‌ನಲ್ಲಿಟ್ಟ ಕಡತಗಳಿಗಾದರೆ ಜಾಗವೂ ಕಡಿತವಾಗುತ್ತದೆ. ಬಿಡಿಸಿದ ಚಿತ್ರ ವಿದ್ಯಾರ್ಥಿಯದು, ಅದನ್ನು ನೋಡುವ ಕಿಟಕಿ ಮಾತ್ರ ಬಾಡಿಗೆಯದು.

ಹಾಗೆಂದು ಕೊಂಡದ್ದೆಲ್ಲ ಶಾಶ್ವತ ಎಂದೂ ತಿಳಿಯಬಾರದು. ಹೊಸ ಇನ್‌ಡಿಸೈನ್ ಹಳೆಯ ಪೇಜ್‌ಮೇಕರ್ ಕಡತಗಳನ್ನು ತೆರೆಯುವುದಿಲ್ಲ. ಡಾಂಗಲ್ ಮುರಿದರೆ ಶ್ರೀಲಿಪಿಯ ಕೆಲಸ ನಿಲ್ಲುತ್ತಿತ್ತು. 2005ರಲ್ಲಿ ಬಂದ ಸಿಎಸ್2ರ ನೋಂದಣಿಯನ್ನು ಖಚಿತಪಡಿಸುತ್ತಿದ್ದ ಸರ್ವರ್‌ಗಳನ್ನು ಕಂಪನಿ ನಿಲ್ಲಿಸಿದ್ದು 2013ರ ವೇಳೆಗೆ ಬೆಳಕಿಗೆ ಬಂತು. ಕೊಂಡವರಿಗಾಗಿ ನೋಂದಣಿ ಬೇಡದ ಬೇರೊಂದು ಪ್ರತಿಯನ್ನು ಒದಗಿಸಬೇಕಾಯಿತು. ಪೆಟ್ಟಿಗೆಯ ಮೇಲೆ ಬೆಲೆ ಬರೆದು ಮಾರುತ್ತಿದ್ದ ಕಾಲದಲ್ಲೂ ಗ್ರಾಹಕರಿಗೆ ಸಿಗುತ್ತಿದ್ದುದು ಬಳಸುವ ಅನುಮತಿ ಮಾತ್ರ. ಆ ಅನುಮತಿಗೆ ಕೊನೆಯ ದಿನಾಂಕ ಇರಲಿಲ್ಲ ಎಂಬುದೇ ಇಂದಿನ ಬಾಡಿಗೆಗೂ ಅದಕ್ಕೂ ಇರುವ ಅಂತರ.

ಆದ್ದರಿಂದ ಸಲಕರಣೆ ಯಾವುದೇ ಇರಲಿ, ಕೆಲಸ ಮುಗಿದಾಗ ಎರಡು ಪ್ರತಿ ಉಳಿಸುವ ಅಭ್ಯಾಸ ವಿದ್ಯಾರ್ಥಿಗೆ ಬೇಕು. ಒಂದು ಆ ತಂತ್ರಾಂಶದ ಮೂಲ ಕಡತ, ಇನ್ನೊಂದು ಎಲ್ಲರೂ ತೆರೆಯಬಹುದಾದ ರೂಪ. ಪುಟಗಳಿಗೆ ಪಿಡಿಎಫ್, ಗೆರೆಚಿತ್ರಗಳಿಗೆ ಎಸ್‌ವಿಜಿ, ಛಾಯಾಚಿತ್ರಗಳಿಗೆ ಟಿಫ್, ಇನ್‌ಡಿಸೈನ್ ಕಡತಗಳಿಗೆ ಐಡಿಎಂಎಲ್. ಕನ್ನಡದ ಪಠ್ಯ ಯೂನಿಕೋಡ್‌ನಲ್ಲಿರಬೇಕು. ಹಳೆಯ ನುಡಿ, ಬರಹ ಫಾಂಟುಗಳ ಪಠ್ಯವನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಸಿಗುತ್ತವೆ.

ಬಾಡಿಗೆಯೂ ಬೇಡ, ಬೆಲೆಯೂ ಬೇಡ

ಬಾಡಿಗೆ ಮತ್ತು ಖರೀದಿ ಎರಡೇ ದಾರಿ ಎಂಬ ಭಾವನೆಯೂ ತಪ್ಪು. 2002ರಲ್ಲಿ ಬ್ಲೆಂಡರ್ ಎಂಬ ಅನಿಮೇಷನ್ ತಂತ್ರಾಂಶದ ಕಂಪನಿ ಮುಚ್ಚಿತು. ಅದನ್ನು ರೂಪಿಸಿದ ಟಾನ್ ರೂಸೆಂಡಾಲ್ ಸಾರ್ವಜನಿಕರಿಂದ 1,00,000 ಯೂರೊ ಕೂಡಿಸಲು ಹೊರಟು, ಏಳೇ ವಾರಗಳಲ್ಲಿ ಆ ಹಣ ಸೇರಿತು. ಅದೇ ವರ್ಷ ಅಕ್ಟೋಬರ್‌ನಲ್ಲಿ ಬ್ಲೆಂಡರ್ ಮುಕ್ತ ತಂತ್ರಾಂಶವಾಗಿ ಎಲ್ಲರಿಗೂ ದೊರೆಯಿತು. ಲಾಟ್ವಿಯಾ ದೇಶದ ಗಿಂಟ್ಸ್ ಜಿಲ್ಬಲೋಡಿಸ್ ಅದನ್ನು ಬಳಸಿ ನಿರ್ದೇಶಿಸಿದ 'ಫ್ಲೋ' ಚಿತ್ರಕ್ಕೆ 2025ರ ಮಾರ್ಚ್‌ನಲ್ಲಿ ಅತ್ಯುತ್ತಮ ಅನಿಮೇಷನ್ ಚಿತ್ರದ ಆಸ್ಕರ್ ಬಂತು. ಹಣ ಕೊಡದೆ ಸಿಗುವುದು ಕಲಿಯಲಷ್ಟೇ ಲಾಯಕ್ಕು ಎನ್ನುವವರಿಗೆ ಇಷ್ಟು ಸಾಕು.

ಛಾಯಾಚಿತ್ರ ತಿದ್ದಲು ಗಿಂಪ್, ಗೆರೆಚಿತ್ರಕ್ಕೆ ಇಂಕ್‌ಸ್ಕೇಪ್, ಕೈಬರಹದ ಚಿತ್ರಕ್ಕೆ ಕೃತಾ, ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಇವೆ. ಕನ್ನಡದಂತಹ ಲಿಪಿಗಳ ಜೋಡಣೆ ಸ್ಕ್ರೈಬಸ್‌ಗೆ ತಡವಾಗಿ ಬಂದರೂ 2024ರ 1.6 ಆವೃತ್ತಿಯಲ್ಲಿ ಅದು ಲಭ್ಯ. ಕನ್ನಡದ ಮುಕ್ತ ಯೂನಿಕೋಡ್ ಫಾಂಟುಗಳಲ್ಲಿ 'ಗುಬ್ಬಿ', 'ನವಿಲು' ಎಂಬ ಎರಡು ಹಕ್ಕಿಗಳೂ ಇವೆ. ಗುಬ್ಬಿ ತಾಲ್ಲೂಕಿನ ಮಕ್ಕಳಿಗೆ ಆ ಹೆಸರು ಮರೆಯದು! ವಿಡಿಯೊ ಸಂಕಲನಕ್ಕೆ ಡಾವಿಂಚಿ ರಿಸಾಲ್ವ್‌ನ ಉಚಿತ ಆವೃತ್ತಿ ಬಹುಪಾಲು ಕೆಲಸಗಳಿಗೆ ಸಾಲುತ್ತದೆ. ಅದರ ದೊಡ್ಡ ಆವೃತ್ತಿಗೂ ಒಂದೇ ಸಲದ ಬೆಲೆ.

ಅಫಿನಿಟಿಯ ಕಥೆಯಿಂದ ಇನ್ನೊಂದು ಪಾಠ ಕಲಿಯಬಹುದು. 2014ರಲ್ಲಿ 'ಚಂದಾ ಇಲ್ಲ, ಒಂದೇ ಬೆಲೆ' ಎಂಬ ಹೆಗ್ಗಳಿಕೆಯೊಡನೆ 49.99 ಡಾಲರಿಗೆ ಅಫಿನಿಟಿ ಡಿಸೈನರ್ ಬಂದಿತು. 2024ರ ಮಾರ್ಚ್‌ನಲ್ಲಿ ಅದರ ಕಂಪನಿಯನ್ನು ಕ್ಯಾನ್ವಾ ಕೊಂಡಿತು. 2025ರ ಅಕ್ಟೋಬರ್‌ನಲ್ಲಿ ಅಫಿನಿಟಿ ಪೂರ್ತಿ ಉಚಿತವೆಂದು ಘೋಷಣೆಯಾಯಿತು. ಕೃತಕ ಬುದ್ಧಿಮತ್ತೆಯ ಸೌಲಭ್ಯಗಳು ಮಾತ್ರ ಕ್ಯಾನ್ವಾಗೆ ಚಂದಾ ಕಟ್ಟಿದವರಿಗೆ. ಬಳಸುವವರಿಗೆ ಲಾಭವೇ ಆಯಿತು. ಆದರೆ ಮಾಲೀಕರು ಬದಲಾದರೆ ನಿಯಮವೂ ಬದಲಾಗುತ್ತದೆ, ಇಂದು ಅನುಕೂಲವಾದದ್ದು ನಾಳೆ ಹಾಗೆಯೇ ಇರಲಿಕ್ಕಿಲ್ಲ.

ಕಳ್ಳ ಪ್ರತಿಯ ದಾರಿಯನ್ನು ಮಾತ್ರ ಪಾಲಕರು ಸರಳವೆಂದು ಬಗೆಯಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 63-ಬಿ ಕಲಮಿನ ಪ್ರಕಾರ, ನಕಲಿ ಎಂದು ತಿಳಿದೂ ತಂತ್ರಾಂಶ ಬಳಸಿದವರಿಗೆ ಕನಿಷ್ಠ 7 ದಿನದಿಂದ 3 ವರ್ಷದವರೆಗೆ ಸೆರೆವಾಸ, 50,000ದಿಂದ 2 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ವ್ಯಾಪಾರಕ್ಕಲ್ಲದೆ ಬಳಸಿದ್ದರೆ ನ್ಯಾಯಾಲಯ ಸೆರೆವಾಸವನ್ನು ಬಿಟ್ಟು 50,000 ರೂಪಾಯಿವರೆಗಿನ ದಂಡಕ್ಕೆ ಇಳಿಸಲೂಬಹುದು. ಕಳ್ಳ ಪ್ರತಿಯೊಡನೆ ಕಂಪ್ಯೂಟರಿಗೆ ವೈರಸ್ ತಗಲುವ ಅಪಾಯವೂ ಇದೆ. ಕಡತವೆಲ್ಲ ಹೋದ ಮೇಲೆ ಉಳಿಸಿದ ಹಣದಿಂದ ಅವನ್ನು ಮರಳಿ ತರಲಾಗದು.

ಕಂತಿಗೆ ಆಷಾಢವಿಲ್ಲ

ಕುಣಿಗಲ್ ಕಡೆಯ ವಿದ್ಯಾರ್ಥಿನಿಯೊಬ್ಬಳು ತುಮಕೂರಿನಲ್ಲಿ ಪದವಿ ಓದುತ್ತ, ರಜೆಯಲ್ಲಿ ಲಗ್ನಪತ್ರಿಕೆಗಳ ವಿನ್ಯಾಸ ಮಾಡಿಕೊಡುತ್ತಾಳೆ ಎಂದಿಟ್ಟುಕೊಳ್ಳಬಹುದು. ತಂತ್ರಾಂಶದ ಬಾಡಿಗೆ ತಿಂಗಳಿಗೆ 2,000 ರೂಪಾಯಿ, ಒಂದು ಪತ್ರಿಕೆಯ ವಿನ್ಯಾಸಕ್ಕೆ 300 ರೂಪಾಯಿ ಎಂದು ಲೆಕ್ಕಕ್ಕಾಗಿ ಹಿಡಿದರೆ, ಏಳು ಪತ್ರಿಕೆ ಮಾಡಿದ ತಿಂಗಳು ಬಾಡಿಗೆ ಹುಟ್ಟುತ್ತದೆ. ಏಪ್ರಿಲ್, ಮೇ ತಿಂಗಳ ಮದುವೆಯ ಭರಾಟೆಯಲ್ಲಿ ಅದು ಕಷ್ಟವಲ್ಲ. ಆಷಾಢ ಬಂದರೆ ಮದುವೆಗಳಿಲ್ಲ, ಕೆಲಸವೂ ಇಲ್ಲ. ತಿಂಗಳ ಲೆಕ್ಕದ ಬಾಡಿಗೆಯಾದರೆ ಅಲ್ಲಿಗೆ ನಿಲ್ಲಿಸಬಹುದು. ವರ್ಷದ ಒಪ್ಪಂದ ಮಾಡಿಕೊಂಡು ತಿಂಗಳ ಕಂತು ಕಟ್ಟುತ್ತಿದ್ದರೆ ಕಂತಿಗೆ ಆಷಾಢವಿಲ್ಲ.

ಈ ಎರಡರ ವ್ಯತ್ಯಾಸ ತಿಳಿಯದೆ ಸಿಕ್ಕಿಬಿದ್ದವರು ಎಲ್ಲ ದೇಶಗಳಲ್ಲೂ ಇದ್ದಾರೆ. ವರ್ಷದ ಒಪ್ಪಂದವನ್ನು ನಡುವೆ ಬಿಟ್ಟವರಿಂದ ವಸೂಲು ಮಾಡುವ ಶುಲ್ಕವನ್ನು ಗ್ರಾಹಕರಿಗೆ ಸ್ಪಷ್ಟವಾಗಿ ತಿಳಿಸಿಲ್ಲ ಎಂದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ 2024ರ ಜೂನ್‌ನಲ್ಲಿ ಅಡೋಬಿಯ ಮೇಲೆ ಮೊಕದ್ದಮೆ ಹೂಡಿತು. ಪರದೆಯ ಮೇಲೆ ದಪ್ಪಕ್ಷರದಲ್ಲಿ ಕಾಣುವುದು ತಿಂಗಳ ದರ. ಒಪ್ಪಂದ ಎಷ್ಟು ತಿಂಗಳದು ಎಂಬುದು ಸಣ್ಣಕ್ಷರದಲ್ಲಿರುತ್ತದೆ. ತಂದೆಯ ಕಾರ್ಡಿನ ಸಂಖ್ಯೆ ತುಂಬುವ ಮೊದಲು ಮಕ್ಕಳು ಓದಬೇಕಾದ್ದು ಆ ಸಣ್ಣಕ್ಷರವನ್ನು.

ಭಾರತದಲ್ಲಿ ಪಾಲಕರಿಗೆ ಒಂದು ರಕ್ಷಣೆ ಇದೆ. ರಿಸರ್ವ್ ಬ್ಯಾಂಕಿನ ನಿಯಮದಂತೆ 2021ರ ಅಕ್ಟೋಬರ್‌ನಿಂದ, ಕಾರ್ಡಿನಿಂದ ಪದೇ ಪದೇ ತಾನಾಗಿ ಹಣ ಕಡಿತವಾಗುವ ವ್ಯವಸ್ಥೆಗೆ ಮೊದಲ ಸಲ ಗ್ರಾಹಕರ ಒಪ್ಪಿಗೆ ಕಡ್ಡಾಯ. ಪ್ರತಿ ಕಡಿತಕ್ಕೂ ಕನಿಷ್ಠ 24 ಗಂಟೆ ಮೊದಲು ಬ್ಯಾಂಕಿನಿಂದ ಸಂದೇಶ ಬರಬೇಕು. ಮೊಬೈಲಿಗೆ ಬರುವ ನೂರೆಂಟು ಸಂದೇಶಗಳ ನಡುವೆ ಅದನ್ನು ಅಳಿಸಿಹಾಕದೆ ಓದಿದರೆ, ಬೇಡವಾದ ಕಂತು ನಿಲ್ಲಿಸಲು ಒಂದು ದಿನ ಸಿಗುತ್ತದೆ. ಹಾಗೆ ಹಣ ನಿಂತರೂ ಒಪ್ಪಂದದ ಷರತ್ತು ಉಳಿದೇ ಇರುತ್ತದೆಂಬುದು ನೆನಪಿರಬೇಕು.

ಕಾಲೇಜಿಗೆ ಸೇರಿಸುವ ದಿನವೇ ಕೆಲವು ಪ್ರಶ್ನೆ ಕೇಳಿದರೆ ಮುಂದಿನ ಗೊಂದಲ ಕಡಿಮೆ. ಯಾವ ತಂತ್ರಾಂಶ ಕಲಿಸುತ್ತಾರೆ? ಅದರ ಬಾಡಿಗೆ ಶುಲ್ಕದಲ್ಲಿ ಸೇರಿದೆಯೇ, ಬೇರೆ ಕಟ್ಟಬೇಕೇ? ಪ್ರಯೋಗಾಲಯದಲ್ಲಿ ಮಾತ್ರವೇ, ಮನೆಯ ಕಂಪ್ಯೂಟರಿನಲ್ಲೂ ಬಳಸಬಹುದೇ? ಮುಕ್ತ ತಂತ್ರಾಂಶದಲ್ಲಿ ಮಾಡಿದ ಕೆಲಸವನ್ನು ಪರೀಕ್ಷೆಗೆ ಒಪ್ಪುತ್ತಾರೆಯೇ? ಪ್ರಾಂಶುಪಾಲರಾಗಲಿ ವಿಭಾಗದ ಮುಖ್ಯಸ್ಥರಾಗಲಿ ಇವಕ್ಕೆ ಉತ್ತರ ಹೇಳಲು ಹಿಂಜರಿಯಬೇಕಾದ ಕಾರಣವಿಲ್ಲ.

ಮೊದಲ ವರ್ಷ ಮುಕ್ತ ತಂತ್ರಾಂಶದಲ್ಲಿ ಬಣ್ಣ, ಅಳತೆ, ಅಕ್ಷರ, ಅಂತರಗಳ ಅಭ್ಯಾಸ ಮಾಡಿದ ವಿದ್ಯಾರ್ಥಿಗೆ ಮುಂದೆ ಯಾವ ಕಂಪನಿಯ ತಂತ್ರಾಂಶ ಕೊಟ್ಟರೂ ಕೆಲವೇ ವಾರದಲ್ಲಿ ಕೈ ಹೊಂದಿಕೊಳ್ಳುತ್ತದೆ. ಕೆಲಸ ಕೊಡುವವರು ಕೇಳಿದಾಗ, ಗಳಿಕೆ ಇರುವ ತಿಂಗಳಲ್ಲಿ, ಬಾಡಿಗೆಯದನ್ನು ತರುವುದರಲ್ಲಿ ತಪ್ಪಿಲ್ಲ. ಹಳ್ಳಿಯ ನಾಟಕದವರು ಮಾಡುವುದೂ ಅದನ್ನೇ. ಬೆಳಗಿನ ಜಾವ ಸೀನರಿಯ ಲಾರಿ ಹೊರಟುಹೋದರೂ ಹಾರ್ಮೋನಿಯಂ ಮೇಷ್ಟ್ರು ಕಲಿಸಿದ ಪದ್ಯಗಳು ಊರವರ ಬಾಯಲ್ಲಿ ಉಳಿದಿರುತ್ತವೆ. ಮುಂದಿನ ವರ್ಷ ಪರದೆ ಬೇರೆಯವರದಾದರೂ ನಾಟಕ ನಡೆಯುತ್ತದೆ.